ಮುಖಪುಟದ ಡ್ರ್ಯಾಗನ್

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆ ಬರೆದ ಮಾಯಾಲೋಕದ ಕಾದಂಬರಿಯ ಮುಖಪುಟ ಅತ್ತೆಯ ಮಡಿಲಲ್ಲಿತ್ತು.

"ಬಾಗಿಲು ಕಾಯೋ ಡ್ರ್ಯಾಗನ್. ಸೊಂಟದಲ್ಲಿ ಬೀಗದ ಕೈ, ಅಂದ್ರೆ ಮನೆ ಯಜಮಾನಿಕೆ. ಬಾಯಲ್ಲಿ ಬೆಂಕಿ. ಇದು ನಾನೇ ತಾನೆ?"

"ಅಯ್ಯೋ, ನನ್ನ ಕಥೇಲಿ ಡ್ರ್ಯಾಗನ್ನೇ ಇಲ್ಲ ಅತ್ತೆ! ಚಿತ್ರ ಬರೆದವರು ಕಥೆ ಓದಿಲ್ಲ."

"ಹಾಗಾದ್ರೆ ಅಷ್ಟು ದಪ್ಪ ಪುಸ್ತಕದಲ್ಲಿ ನಾನು ಎಲ್ಲೂ ಇಲ್ವಾ?"

ಅತ್ತೆಯ ಮುಖ ಬಾಡಿತು.

"ಮುಖಪುಟ ಮಾತ್ರ ಅಚ್ಚಾಗಿದೆ. ಒಳಪುಟ ಇನ್ನೂ ಆಗಿಲ್ಲ ಅತ್ತೆ."

"ಸೇರಿಸು ಮತ್ತೆ. ಬೆಂಕಿ ಕಡಿಮೆ ಮಾಡೋ ಹಾಗಿಲ್ಲ."

ನರ್ಸ್ ಕರೆದಳು. ಅತ್ತೆ ಊದಿದ ಕೆನ್ನೆ ಹಿಡಿದು ಎದ್ದರು.

"ಡ್ರ್ಯಾಗನ್ ಹಲ್ಲೂ ಅಷ್ಟೇ. ಒಂದೂ ಬಿದ್ದಿರಬಾರದು," ಎಂದು ಒಳಗೆ ನಡೆದರು.