ಹದಿಮೂರು ತಿಂಗಳಿನ ವರ್ಷ

ಮನ್ಯಾಗ ಸಾವಾದ್ರ ವರ್ಷದೊಳಗ ಲಗ್ನ ಮಾಡಬೇಕು, ವರ್ಷ ದಾಟಿದ್ರ ಮುಂದ ಮೂರು ವರ್ಷ ಲಗ್ನದ ಮಾತ ಎತ್ತಬಾರದು. ಆಗ ಇದನ್ನ ಎಲ್ಲಾರೂ ನಂಬಿದ್ರು. ನಗಬ್ಯಾಡ್ರಿ, ಧಾರವಾಡದಾಗ ಎಂ.ಎ. ಓದಾಕ ಹತ್ತಿದ್ದ ನಾನೂ ಅರ್ಧ ನಂಬಿದ್ದೆ. ನಮ್ಮಜ್ಜಿ ಯುಗಾದಿ ಆದ ಐದನೇ ದಿನಕ್ಕ ತೀರಿಕೊಂಡ್ಳು, ಮಾರ್ಚ್ ಕಡೀಕ. ನನ್ನ ಕಡೀ ಪರೀಕ್ಷಾ ಮುಂದಿನ ಏಪ್ರಿಲ್ ಮೊದಲನೇ ವಾರ. ನಮ್ಮಪ್ಪ ಗಜೇಂದ್ರಗಡದಾಗ ಸೀರಿ ನೇಯಾಂವ. ಮಗ್ಗದ ಮುಂದ ಗ್ವಾಡಿಗೆ ಒಂದು ಕ್ಯಾಲೆಂಡರ್ ಹಾಕಿದ್ದ, ಅದನ್ನ ಬೆರಳಿಲೆ ಎಣಿಸಿ, "ಮಾರ್ಚ್ ಮುಗಿಯೂದ್ರಾಗ ಲಗ್ನ" ಅಂದುಬಿಟ್ಟ. ವರ ನರಗುಂದದವರು, ನಿಮ್ಮಜ್ಜ. ಪಾಪ, ಅವರದೇನಿಲ್ಲ, ಬಾಯಿ ಇದ್ದದ್ದು ಅವರವ್ವಗ: "ನಮ್ಮನಿ ಸೊಸಿ ಪರೀಕ್ಷಾ ಬರಿಯಾಕ ಹೊಸ್ತಿಲಾ ದಾಟಂಗಿಲ್ರಿ. ಲಗ್ನಕ್ಕ ಮೊದ್ಲ ಏನರ ಬರಕೊಳ್ಳಿ." ಅಂದ್ರ ತಿಳೀತಲ್ಲ? ಒಂದು ವಾರದ ಸಲುವಾಗಿ ಎರಡು ವರ್ಷದ ಓದು ನೀರಾಗ.

"ಅಪ್ಪಾ, ಲಗ್ನ ಹದಿನೈದು ದಿನ ಮುಂದ ಹಾಕು" ಅಂದೆ. "ವರ್ಷ ದಾಟತೈತಲ್ಲವಾ. ವರ್ಷ ಏನು ರಬ್ಬರೇನು, ಜಗ್ಗಾಕ?" ಬಾಜೂ ಮನಿ ಹುಸೇನಸಾಬ್ ಕಾಕಾ, ಸೀರಿ ವ್ಯಾಪಾರದಾಂವ, ಕಟ್ಟಿ ಮ್ಯಾಲ ಕುಂತು ಚಹಾ ಕುಡಕೋತ, "ನಮ್ಮ ವರ್ಷ ಹತ್ತ್ ಹನ್ನೊಂದು ದಿನ ಲಗೂನ ಮುಗೀತೈತಿ ಬೇಟಿ. ನಮ್ಮ ಲೆಕ್ಕ ಹಿಡದ್ರ ನೀ ಇನ್ನೂ ಅವಸರ ಮಾಡಬೇಕಾಕ್ಕೈತಿ" ಅಂದ. ಎಲ್ಲಾರೂ ನಕ್ಕರು, ನಾ ನಗಲಿಲ್ಲ. ಅಲ್ಲ, ಒಂದೊಂದು ಮನಿಗೆ ಒಂದೊಂದು ವರ್ಷಾನ? ಹಂಗಿದ್ರ ನಮ್ಮದ್ಯಾವುದು? ಪಂಚಾಂಗ ತಗದೆ. ಆ ವರ್ಷ ಅಧಿಕಮಾಸ, ಎರಡು ಶ್ರಾವಣ. ಅಂದ್ರ ವರ್ಷಕ್ಕ ಹದಿಮೂರು ತಿಂಗಳು. ಅಜ್ಜಿ ಸತ್ತ ತಿಥಿ ತಿರುಗಿ ಬರೂದು ಏಪ್ರಿಲ್ ನಡುವ. ನೇಮ ಪಂಚಾಂಗದ್ದು, ಎಣಿಸಿದ್ದು ಕ್ಯಾಲೆಂಡರಿನ ಮ್ಯಾಲ. ಹಿಂಗಿತ್ತು ನಮ್ಮ ಶಾಸ್ತ್ರ.

"ಅಪ್ಪಾ, ಅಜ್ಜಿ ವರ್ಷ ಮಾಡೂದು ತಿಥಿಗೋ ತಾರೀಖಿಗೋ?" ಅಪ್ಪ ಮಗ್ಗ ನಿಲ್ಲಿಸಿದ. ಪಂಚಾಂಗ ಇಸಕೊಂಡು ನೋಡಿದ, ತಿರುವಿ ನೋಡಿದ. "ತಿಥಿಗೆ" ಅಂದ, ಮತ್ತ ಮಗ್ಗಕ್ಕ ಕುಂತ.

ಪರೀಕ್ಷಾ ಬರದೆ. ಮುಗಿದ ಮೂರನೇ ದಿನಕ್ಕ ಅರಿಷಿಣ ಹಚ್ಚಿದ್ರು, ಬೆರಳಿನ ಶಾಯಿ ಇನ್ನೂ ಹೋಗಿದ್ದಿಲ್ಲ. ಅದಕ್ಕ ಹೇಳತೀನಿ, ಯಾರರ ನೇಮ ಹೇಳಿದ್ರ ಪುಸ್ತಕ ನೀವ ತಗದು ನೋಡ್ರಿ. ನಾ ತಿಂಗಳ ಅಷ್ಟ ಎಣಿಸಿದೆ, ಆ ನೇಮ ಪುಸ್ತಕದಾಗ ಐತೋ ಇಲ್ಲೋ ನೋಡಲಿಲ್ಲ. ಮುಂದ ಅಪ್ಪ ತೀರಿಕೊಂಡು ಒಂದೂವರಿ ವರ್ಷಕ್ಕ ನನ್ನ ತಮ್ಮನ ಲಗ್ನ ಆತು, ಮೂರು ವರ್ಷದ ಮಾತ ಯಾರೂ ಎತ್ತಲಿಲ್ಲ.