ಗಾಡಿಯ ಹಿಂದಿನವನು

ಮೇಲಿನ ತಿರುವಿನಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿಹೋಗಿದ್ದರಿಂದ, ಮಣ್ಣು ತೆಗೆಯುವ ಯಂತ್ರ ದಾರಿ ಬಿಡಿಸುವವರೆಗೆ ಕಾಯಲು ಆ ಏರಿನಲ್ಲಿ ಇದ್ದ ಸೂರು ಒಂದೇ: ಪಂಕ್ಚರಜ್ಜಿಯ ಟೈರ್ ಅಂಗಡಿ. ತಗಡಿನ ಮೇಲೆ ಮಳೆ ಜಲ್ಲಿ ಸುರಿದ ಹಾಗೆ ಸುರಿಯುತ್ತಿತ್ತು. ಹೊರಗೆ, ಬಾಚಿ ಕತ್ತರಿಸಿದಂತಿದ್ದ ಚಹಾ ಗಿಡಗಳು ಸಾಲುಸಾಲಾಗಿ ಮಂಜಿನೊಳಗೆ ಇಳಿದುಹೋಗಿದ್ದವು. ಸಂಜೆಯ ಬೆಳಕು ಇನ್ನೂ ಸ್ವಲ್ಪ ಇತ್ತು, ಇದ್ದೂ ಪ್ರಯೋಜನವಿರಲಿಲ್ಲ. ಒಳಗೆ ಹಳೆಯ ಟೈರುಗಳ ಮೇಲೆ ಕುಳಿತವರು ಮೂವರು: ಬ್ರೆಡ್ ವ್ಯಾನಿನ ಡ್ರೈವರು, ಮತ್ತು ಒಳಗೇ ಒಲೆ, ಹಾಸಿಗೆ ಇರುವ ಬಾಡಿಗೆಯ ಕ್ಯಾಂಪರ್ ವ್ಯಾನಿನಲ್ಲಿ ಬಂದ ಗಂಡ ಹೆಂಡತಿ.

ಗಂಡನದು ಕನ್ನಡಕದ ಅಂಗಡಿ. ಹೆಂಡತಿ ಕೋರ್ಟಿನಲ್ಲಿ ಸ್ಟೆನೋ. ಇಡೀ ದಿನ ಬೇರೆಯವರ ಮಾತು ಬರೆದುಕೊಂಡು ಮನೆಗೆ ಬಂದರೆ, ಅಲ್ಲಿ ಬರೆದುಕೊಳ್ಳುವಷ್ಟು ಮಾತೇ ಇರುತ್ತಿರಲಿಲ್ಲ. ಜಗಳ ಯಾಕೆ ಶುರುವಾಯಿತೆಂಬುದು ಇಬ್ಬರಿಗೂ ಮರೆತಿತ್ತು; ಮೊದಲು ಬಾಯಿ ಬಿಟ್ಟವರು ಸೋತಂತೆ ಎಂಬುದು ಮಾತ್ರ ಇಬ್ಬರಿಗೂ ನೆನಪಿತ್ತು. ಇವರನ್ನು ಒಂದೇ ಡಬ್ಬದಲ್ಲಿ ಹಾಕಿ ಗುಡ್ಡದ ಮೇಲೆ ಕುಲುಕಿದರೆ ಏನಾದರೂ ಆದೀತೆಂದು ಅವಳ ಅಕ್ಕ ಈ ವ್ಯಾನು ಗೊತ್ತುಮಾಡಿ ಕಳಿಸಿದ್ದಳು. ಒಟ್ಟಿಗಿರುವುದೋ ಬೇರೆಯಾಗುವುದೋ, ವಾಪಸ್ಸು ಬಂದ ಮೇಲೆ ಹೇಳಬೇಕೆಂದು ಮಾತಾಗಿತ್ತು.

ಮೊದಲ ದಿನವೇ, ಇಳಿಜಾರಿನಲ್ಲಿ ನಿಲ್ಲಿಸುವಾಗ ಗಾಲಿಗೆ ಏನಾದರೂ ಅಡ್ಡ ಕೊಡು ಎಂದಳು ಅವಳು. ಹ್ಯಾಂಡ್ ಬ್ರೇಕ್ ಇರುವುದು ಯಾತಕ್ಕೆ ಎಂದ ಅವನು. ವ್ಯಾನು ಹಿಂದಕ್ಕೆ ಜಾರಿ, ಒಲೆಯ ಮೇಲಿದ್ದ ಹಾಲೆಲ್ಲ ಹಾಸಿಗೆಯ ಮೇಲಾಯಿತು. ಉಳಿದಿದ್ದ ನಾಲ್ಕು ಮಾತೂ ಅಲ್ಲಿಗೆ ಮುಗಿಯಿತು. ಆದರೆ ಮೊನ್ನೆಯಿಂದ ಒಂದು ವಿಶೇಷ ನಡೆದಿತ್ತು. ನಿಲ್ಲಿಸಿದಲ್ಲೆಲ್ಲ ಹಿಂದಿನ ಗಾಲಿಗೆ ಒಂದು ಮರದ ತುಂಡು ಕೊಟ್ಟಿರುತ್ತಿತ್ತು. ಕಪ್ಪಗೆ, ಮೂರು ಮೂಲೆಯದು, ತುದಿಯಲ್ಲಿ ಹಗ್ಗದ ಕುಣಿಕೆ, ಕುಣಿಕೆಗೆ ಕೆಂಪು ಬಟ್ಟೆಯ ಚೂರು. ಬಾಯಲ್ಲಿ ಬಾರದ ಕ್ಷಮೆಯನ್ನು ಗಾಲಿಗೆ ಕೊಟ್ಟಿದ್ದಾನೆ ಎಂದು ಸ್ಟೆನೋಳ ಮನಸ್ಸು ಒಳಗೊಳಗೇ ಕರಗಿತು. ಅದಕ್ಕೆ ಉತ್ತರವಾಗಿ ಇವತ್ತು ಬೆಳಿಗ್ಗೆ ಅವನ ಚಹಾವನ್ನು ಅವನ ಕೈಗೇ ಕೊಟ್ಟಿದ್ದಳು. "ಬಿಸಿ ಇದೆ," ಎಂದಿದ್ದ ಅವನು. ಅಷ್ಟೇ. ಆದರೂ ಬಹಳ ದಿನದ ಮೇಲೆ ಬಂದ ಮಾತು.

ಒಂದೇ ಕೊರತೆ ಎಂದರೆ, ಇಡುವುದು ನೆನಪಿದ್ದವನಿಗೆ ತೆಗೆಯುವುದು ನೆನಪಿರುತ್ತಿರಲಿಲ್ಲ. ಹೊರಟಾಗಲೆಲ್ಲ ಹಿಂದಿನ ಗಾಲಿ ಏನನ್ನೋ ಹತ್ತಿ ಇಳಿಯುತ್ತಿತ್ತು. ಮುಂದೆ ನಿಂತಲ್ಲಿ ಮತ್ತೆ ಅಂಥದೇ ತುಂಡು. ಬಾಡಿಗೆಯವರು ಇಂಥವು ಎಷ್ಟು ಕೊಟ್ಟಿದ್ದಾರೋ ಎಂದುಕೊಂಡಳು. ಮರದ ಮೇಲೆ ಹತ್ತಿದರೆ ಇನ್ನಷ್ಟು ಗಟ್ಟಿಯಾಗಿ ತಾಗಬೇಕಿತ್ತಲ್ಲ ಎಂದೂ ಒಮ್ಮೆ ಅನ್ನಿಸಿತ್ತು. ಹೇಳಿ ಯಾಕೆ ಬೆಳಗಿನ ಚಹಾ ಕೆಡಿಸುವುದು ಎಂದು ಸುಮ್ಮನಿದ್ದಳು.

"ಅಜ್ಜೀ, ಮೊನ್ನೆ ನಿನ್ನ ಗಂಟಲು ಕಟ್ಟಿ ಮಾತೇ ನಿಂತಿತ್ತಂತೆ," ಎಂದ ಬ್ರೆಡ್ಡಿನವನು. "ಈ ಗುಡ್ಡಕ್ಕೆಲ್ಲ ರಜಾ ಸಿಕ್ಕಿತು ಅಂತ ಜನ ಹೇಳ್ತಿದ್ರು."

"ನಗು, ನಗು," ಎಂದಳು ಅಜ್ಜಿ. ದನಿ ಇನ್ನೂ ಒಡಕಾಗಿತ್ತು, ಆದರೆ ಒಂದು ಗಳಿಗೆ ಬಾಯಿಗೆ ಬಿಡುವಿರಲಿಲ್ಲ. ಯಾರೂ ಕೇಳದಿದ್ದರೆ ಟ್ಯೂಬಿನ ಜೊತೆಗೇ ಮಾತಾಡುತ್ತಿದ್ದಳು. ಸಾಲದ್ದಕ್ಕೆ ಮೂಲೆಯಲ್ಲಿ ಒಂದು ರೇಡಿಯೊ ಬೇರೆ ಗೊರಗೊರ ಅನ್ನುತ್ತಿತ್ತು. "ಕೂತ್ಕೊಳ್ಳಿ, ಯಂತ್ರದವರಿಗೆ ಇನ್ನೂ ಹೊತ್ತಾಗತ್ತೆ. ಒಂದು ಕತೆ ಹೇಳ್ತೀನಿ. ಕೇಳಿ ದೆವ್ವದ ಕತೆ ಅಂತೀರ ನೀವು. ನಾನಂತೂ ಹಾಗನ್ನಲ್ಲಪ್ಪ... ದೆವ್ವ ಎಲ್ಲಾದ್ರೂ ಕೆಲಸ ಮಾಡತ್ತಾ? ಇವನು ಒಂದಿನಾನೂ ಕೆಲಸ ತಪ್ಪಿಸಿದವನಲ್ಲ.

"ನಮ್ಮ ಯಜಮಾನ್ರು ಆಗ ಚಹಾ ಫ್ಯಾಕ್ಟರಿ ಲಾರಿ ಓಡಿಸ್ತಿದ್ರು. ಆಗಿನ ಲಾರಿಗಳಿಗೆ ಬ್ರೇಕು ಅನ್ನೋದು ಹೆಸರಿಗೆ ಮಾತ್ರ. ಹಸಿ ಎಲೆ ತುಂಬ್ಕೊಂಡು ಈ ಏರು ಹತ್ತೋವಾಗ ಎಂಜಿನ್ ಬಿಸಿಯಾಗಿ ನಿಲ್ಲೋದು... ನಿಂತ್ರೆ ಹಿಂದಕ್ಕೆ ಬರೋದು. ಅದಕ್ಕೇ ಅಂತ ಲಾರಿ ಹಿಂದೆ ಒಬ್ಬ ಆಳು. ನಿಂತ ತಕ್ಷಣ ಧುಮುಕಿ, ಗಾಲಿಗೆ ಮರದ ತುಂಡು ಕೊಡಬೇಕು. ಹೊರಡೋವಾಗ ಮುಂದಿನಿಂದ ನಮ್ಮೋರು 'ತೆಗಿಯೋ' ಅಂತ ಕೂಗೋರು. ಇವನು ತುಂಡು ಎಳ್ಕೊಂಡು, ಹಿಂದೆ ಹತ್ತಿ, ಲಾರಿ ಮೈಗೆ ಎರಡು ಸಲ ತಟ್ಟೋನು. ಟಕ್ ಟಕ್... ಹತ್ತಿದೀನಿ, ಹೋಗು ಅಂತ. ಎಲ್ಲರೂ ಅವನನ್ನ ಹಿಂದಿನವನು ಅಂತಲೇ ಕರೀತಿದ್ರು. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ನೋಡಿ. ಬರೀ ದನಿ ಮೇಲೆ ನಂಬಿಕೆ. ಗಂಡ ಹೆಂಡತಿ ನಡುವೆಯಾದ್ರೂ ಅಷ್ಟು ಇರತ್ತೋ ಇಲ್ವೋ.

"ಹೀಗಿದ್ದೋರು ಒಂದಿನ ಮಾತು ಬಿಟ್ರು. ಯಾಕೆ ಅಂತ ನನ್ನ ಕೇಳಬೇಡಿ, ಅವರಿಗೇ ಮರೆತುಹೋಗಿತ್ತು ಅಂತ ಕಾಣತ್ತೆ. ಇವರು ಮುಂದೆ ಬಿಗಿದ್ಕೊಂಡು ಕೂತ್ರು, ಅವನು ಹಿಂದೆ ಬಿಗಿದ್ಕೊಂಡು ಕೂತ. ಹೀಗೇ ಮಳೆ. ಇದೇ ಏರಲ್ಲಿ ಲಾರಿ ನಿಂತಿತು, ಅವನು ಇಳಿದು ತುಂಡು ಕೊಟ್ಟ. ಎಂಜಿನ್ ತಣ್ಣಗಾಯ್ತು. ಈಗ 'ತೆಗಿಯೋ' ಅನ್ನಬೇಕಲ್ಲ... ನಾನ್ಯಾಕೆ ಮೊದಲು ಮಾತಾಡಲಿ ಅಂತ ಇವರಿಗೆ. ಎಂಜಿನ್ ಸದ್ದು ಕೇಳತ್ತೆ, ಅವನೇ ತೆಗೀಲಿ. ಅವನಿಗೆ, ಕೂಗದೆ ನಾನ್ಯಾಕೆ ತೆಗೀಲಿ. ಏರಲ್ಲಿ ಲಾರಿ ಮುಂದೆ ಹೋಗೋಕೆ ಮುಂಚೆ ಒಂದು ಗೇಣು ಹಿಂದೆ ಬರತ್ತೆ. ಎಲ್ಲ ಲಾರೀನೂ ಬರತ್ತೆ. ಕೊನೆಗೆ ಅವನೇ ತುಂಡು ಎಳೆಯೋಕೆ ಗಾಲಿ ಹಿಂದೆ ಬಗ್ಗಿದ್ದ ಅಂತ ಕಾಣತ್ತೆ. ಆ ಒಂದು ಗೇಣಲ್ಲಿ... ಹಿಂದಿನ ಗಾಲಿ ಏನನ್ನೋ ಹತ್ತಿ ಇಳೀತು. ಮೆತ್ತಗೆ."

ಸ್ಟೆನೋ ಅಜ್ಜಿ ಕೊಟ್ಟಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು. ಗಂಡನ ಕಡೆ ನೋಡಲಿಲ್ಲ.

"ಮರದ ತುಂಡೇ ಇರಬೇಕು, ಅನುಭವಿಸಲಿ ಅಂದ್ಕೊಂಡು ನಮ್ಮೋರು ತಿರುಗಿಯೂ ನೋಡದೆ ಮೇಲೆ ಹತ್ತಿಸಿದ್ರು. ಫ್ಯಾಕ್ಟರಿ ಗೇಟಿನ ಹತ್ರ ಹಿಂದೆ ಟಕ್ ಟಕ್ ಅಂತ ಕೇಳಿಸ್ತು. ಸಿಟ್ಟೆಲ್ಲ ಇಳಿದುಹೋಯ್ತಂತೆ. ಪಾಪ, ಅವನೇ ಮೊದಲು ಸೋತ, ಇಳಿದು ಮಾತಾಡಿಸೋಣ ಅಂತ ಹಿಂದೆ ಹೋದ್ರು... ಯಾರಿದ್ದಾರೆ ಅಲ್ಲಿ? ಎಲೆ ಚೀಲದ ಮೇಲೆ ಆ ತುಂಡು, ಒದ್ದೆ ಕುಣಿಕೆ. ಕೆಂಪು ಬಟ್ಟೆ ಚೂರು. ಅವನು ಸಿಕ್ಕಿದ್ದು ಕೆಳಗೆ, ಈ ತಿರುವಲ್ಲಿ.

"ಇಷ್ಟಕ್ಕೇ ಮುಗಿದಿದ್ರೆ ನಾನು ಕತೆ ಅಂತಿರಲಿಲ್ಲ, ಗೋಳು ಅಂತಿದ್ದೆ. ಮಾರನೇ ಸಲ ಲಾರಿ ಏರಲ್ಲಿ ನಿಂತಾಗ ಹಿಂದೆ ಆಳಿಲ್ಲ. ಇವರು ಎದೆ ಕೈಲಿ ಹಿಡ್ಕೊಂಡು ಕೂತಿದ್ದಾರೆ... ಲಾರಿ ಅಲ್ಲಾಡಲಿಲ್ಲ. ಇಳಿದು ನೋಡಿದ್ರೆ ಗಾಲಿಗೆ ತುಂಡು ಕೊಟ್ಟಿದೆ. ಏನ್ಮಾಡ್ತಾರೆ? ಹತ್ತಿ ಕೂತು, ಬಾರದ ದನಿಯಲ್ಲಿ 'ತೆಗಿಯೋ' ಅಂದ್ರು. ಹಿಂದೆ ಟಕ್ ಟಕ್. ಆಮೇಲೆ ಲಾರಿ ಬಿಡೋ ತನಕ ಇನ್ನೊಬ್ಬ ಆಳನ್ನ ಇಟ್ಕೊಳ್ಳಲಿಲ್ಲ. ಎಷ್ಟು ಜಿಪುಣ ಅಂತ ಮ್ಯಾನೇಜರ್ ಹೊಗಳಿದ್ದೇ ಹೊಗಳಿದ್ದು. ಮನೆಯಲ್ಲಿ ಹತ್ತು ಮಾತಿಗೆ ಒಂದು ಉತ್ತರ ಕೊಡ್ತಿದ್ದ ಮನುಷ್ಯ, ಸ್ಟೇರಿಂಗ್ ಹಿಡಿದ್ರೆ ಸಾಕು, ಬೆನ್ನ ಹಿಂದಕ್ಕೆ ಮಾತಾಡ್ತಾನೇ ಇರೋರು. ಮಳೆ ಬಂತು ಕಣೋ, ಎಲೆ ಚೆನ್ನಾಗಿದೆ ಕಣೋ, ನನ್ನ ಹೆಂಡತಿಗೆ ಕಾಲುನೋವು ಕಣೋ. ಮಾತು ನಡೀತಿದ್ರೆ ಅವನು ತೆಪ್ಪಗಿರ್ತಿದ್ದ. ನಿಂತ್ರೆ... ಟಕ್ ಟಕ್."

"ಕೂಗದೆ ಹೊರಟರೆ?" ಎಂದು ಕೇಳಿದವನು ಕನ್ನಡಕದವನು. ಅವನ ದನಿ ಕೇಳಿ ಸ್ಟೆನೋ ಬೆಚ್ಚಿದಳು.

"ಒಂದು ಸಲ ಸುಮ್ಮನಿರ್ತಾನೆ, ಎರಡು ಸಲ ಇರ್ತಾನೆ. ಎಷ್ಟು ಸಲ ಅಂತ ಮೈ ಕೊಡ್ತಾನೆ, ನೀವೇ ಹೇಳಿ? ಕೊನೆಗೊಂದು ಸಲ ಬಿಡಲ್ಲ. ಹಿಡ್ಕೋತಾನೆ. ಗಾಲಿ ತಿರುಗತ್ತೆ, ಗಾಡಿ ಹೋಗಲ್ಲ. ಆಮೇಲೆ ಹಿಂದಕ್ಕೆ ಬರತ್ತೆ, ಒಂದು ಗೇಣಲ್ಲ... ಕೆಳಗೆ ಚಹಾ ಗಿಡಗಳ ನಡುವೆ ಒಂದು ಹಳೇ ಕಾರಿದೆ. ಅದರ ಕಿಟಕಿಯಿಂದ ಈಗ ಗಿಡ ಬೆಳೆದಿದೆ. ಅಣ್ಣ ತಮ್ಮ, ಆಸ್ತಿ ವಿಷಯಕ್ಕೆ ಮಾತು ಬಿಟ್ಟೋರು. ಮಾತು ಬಿಟ್ಟವರ ಗಾಡಿ ಇವನಿಗೆ ಹೇಗೋ ಗೊತ್ತಾಗತ್ತೆ. ಅಲ್ಲಿ ತನಗೆ ಕೆಲಸ ಇದೆ ಅಂದ್ಕೋತಾನೋ ಏನೋ."

"ಈಗ ಎಲ್ಲಿದ್ದಾನಂತೆ ನಿನ್ನ ಹಿಂದಿನವನು?" ಬ್ರೆಡ್ಡಿನವನು ನಕ್ಕ. ನಗು ಅರ್ಧಕ್ಕೆ ನಿಂತಿತು.

"ನಮ್ಮೋರು ಲಾರಿ ಬಿಟ್ಟು ಈ ಅಂಗಡಿ ಇಟ್ರಲ್ಲ, ತುಂಡು ತಂದು ಆ ಮೊಳೆಗೆ ನೇತುಹಾಕಿದ್ರು." ಅಜ್ಜಿ ಗಲ್ಲ ಎತ್ತಿ ತೋರಿಸಿದಳು. ಹೊಗೆ ಹಿಡಿದ ಗೋಡೆಯಲ್ಲಿ ಒಂದು ಮೊಳೆ. ಅದರ ಕೆಳಗೆ, ಬಹಳ ವರ್ಷ ಏನೋ ನೇತಾಡಿದ ಜಾಗದಲ್ಲಿ, ಮೂರು ಮೂಲೆಯ ಬಿಳಿ ಗುರುತು. "ಇದ್ದಷ್ಟು ದಿನ ಅವರು ಮಾತಾಡಿದ್ರು, ಹೋದ ಮೇಲೆ ನಾನು. ನಿದ್ದೆ ಹೊತ್ತಿಗೆ ಆ ರೇಡಿಯೊ. ಬ್ಯಾಟರಿ ಇರೋ ತನಕ ಅದಕ್ಕೂ ಮೋಸ ಹೋಗ್ತಾನೆ, ಪಾಪ. ಈ ಅಜ್ಜಿ ಯಾಕಿಷ್ಟು ಮಾತಾಡ್ತಾಳೆ ಅಂತ ಆಡ್ಕೊಂಡು ನಗ್ತೀರಲ್ಲ... ಮೊನ್ನೆ ಗಂಟಲು ಕಟ್ಟಿತು. ರೇಡಿಯೊ ಬ್ಯಾಟರೀನೂ ಮುಗಿದಿತ್ತು, ಸನ್ನೆ ಮಾಡ್ಕೊಂಡು ಕೂತಿದ್ದೆ. ಆ ಹೊತ್ತಿಗೇ ಯಾರೋ ಇಬ್ಬರು ಗಾಳಿ ಹಾಕಿಸ್ಕೊಳ್ಳೋಕೆ ಬಂದ್ರು. ಅವರೂ ಸನ್ನೆಯೇ. ಆ ಯಪ್ಪ ಟೈರ್ ತೋರಿಸ್ತಾನೆ, ಆ ತಾಯಿ ಆಕಾಶ ನೋಡ್ತಾಳೆ. ಮೂರು ಜನ, ಒಂದು ಮಾತಿಲ್ಲ. ಅವರು ಹೋದ ಮೇಲೆ ನೋಡ್ತೀನಿ... ಮೊಳೆ ಖಾಲಿ."

ಮೊನ್ನೆ ಗಂಡ ಹೆಂಡತಿ ಗಾಳಿ ಹಾಕಿಸಿಕೊಂಡದ್ದು ಇದೇ ಅಂಗಡಿಯಲ್ಲಿ.

"ನೀನೇ ಅಲ್ವಾ ಇಡ್ತಿದ್ದಿದ್ದು?" ಎಂದಳು ಸ್ಟೆನೋ.

"ನೀನು ಅಂದ್ಕೊಂಡಿದ್ದೆ ನಾನು," ಎಂದ ಅವನು. "ಅದಕ್ಕೇ ಬೆಳಿಗ್ಗೆ ಮಾತಾಡಿದ್ದು." ಬೆಳಗಿನ ಚಹಾ, ಒಳಗೆ ಕರಗಿದ್ದು, ಎರಡು ದಿನದಿಂದ ಕೂಡಿಟ್ಟುಕೊಂಡಿದ್ದ ಸಣ್ಣ ಆಸೆ, ಎಲ್ಲವೂ ಮೂರನೆಯವನೊಬ್ಬನ ಕೈಕೆಲಸ ಎಂದು ಅವಳಿಗೆ ತಿಳಿಯಿತು. ಹೆದರಿಕೆಗಿಂತ ಮೊದಲು ಬಂದದ್ದು ನಾಚಿಕೆ. ಹೆದರಿಕೆ ಹಿಂದೆಯೇ ಬಂತು.

ಮೇಲಿನಿಂದ ಸೀಟಿ ಕೇಳಿಸಿತು. ರಸ್ತೆ ಬಿಟ್ಟಿದ್ದಾರೆ, ಬೇಗ ಹೋಗಿ, ಮೇಲಿನ ಮಣ್ಣು ಇನ್ನೂ ಸಡಿಲ ಇದೆ ಎಂದು ಯಾರೋ ಕೂಗಿಕೊಂಡು ಹೋದರು. ಬ್ರೆಡ್ಡಿನವನು ಚಹಾವನ್ನು ಅರ್ಧಕ್ಕೇ ಬಿಟ್ಟು, ಯಾರ ಮುಖವನ್ನೂ ನೋಡದೆ, ತನ್ನ ವ್ಯಾನು ಹತ್ತಿ ಹೋಗಿಬಿಟ್ಟ.

ಕ್ಯಾಂಪರ್ ವ್ಯಾನು ಏರಿಗೆ ಮುಖ ಮಾಡಿ ನಿಂತಿತ್ತು. ಹಿಂದಿನ ಗಾಲಿಗೆ ತುಂಡು ಕೊಟ್ಟಿತ್ತು. ಕೆಂಪು ಚೂರು ನೀರಿನಲ್ಲಿ ಅಲ್ಲಾಡುತ್ತಿತ್ತು. ಇಬ್ಬರೂ ಅದನ್ನು ಮುಟ್ಟದೆ, ದೂರದಿಂದಲೇ ಸುತ್ತಿ ಬಂದು ಮುಂದೆ ಕುಳಿತರು.

"ನೀವೇ ವಾಪಸ್ಸು ಕರ್ಕೊಂಡುಬಿಡಿ, ಅಜ್ಜಿ," ಎಂದ ಕನ್ನಡಕದವನು ಕಿಟಕಿಯಿಂದ.

"ನಾನು ಕರೆದ್ರೆ ಬರಲ್ಲಪ್ಪ. ಗಾಡೀಲಿ ಕೂತವರ ಮಾತೇ ಆಗಬೇಕು." ತಲೆಯ ಮೇಲೆ ಗೋಣಿಚೀಲ ಹೊದ್ದು ಅಜ್ಜಿ ಕಿಟಕಿಯ ಹತ್ತಿರ ಬಂದಿದ್ದಳು. "ಇಬ್ಬರಿದ್ದೀರಿ, ನಿಮಗೇನು ಕಷ್ಟ? ಹಗಲಲ್ಲಿ ಏನೋ ಒಂದು ಮಾತು ಬರತ್ತೆ. ಮಲಗೋವಾಗ ಪಾಳಿ ಹಾಕ್ಕೊಳ್ಳಿ."

ಅವನು ಎಂಜಿನ್ ಹಚ್ಚಿದ. ಬಾಯಿ ತೆರೆದ, ಒಣಗಿದ ಬಾಯಿಂದ ಏನೂ ಹೊರಡಲಿಲ್ಲ. ಸ್ಟೆನೋ ಅವನ ಮುಖ ನೋಡಿದಳು. ಯಾರು ಮೊದಲು ಎಂಬ ಲೆಕ್ಕ ಅವಳಿಗೆ ಈಗಲೂ ನೆನಪಾಯಿತು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಇಂಥವರನ್ನು ಹೇಗೆ ಕರೆಯಬೇಕೆಂದು ಗೊತ್ತಿಲ್ಲದೆ, "ತೆಗಿಯಪ್ಪಾ," ಎಂದಳು.

ಒದ್ದೆ ನೆಲದ ಮೇಲೆ ಮರ ಎಳೆದ ಸದ್ದಾಯಿತು. ವ್ಯಾನಿನ ಹಿಂಭಾಗ ಒಂದು ಆಳಿನ ಭಾರಕ್ಕೆ ಸ್ವಲ್ಪ ಕುಸಿಯಿತು. ಹಿಂದೆ, ಅವರ ಹಾಸಿಗೆ ಇರುವ ಕಡೆ, ಟಕ್ ಟಕ್.

"ಏನಾದ್ರೂ ಮಾತಾಡು," ಎಂದಳು ಅವಳು.

"ಏನು ಮಾತಾಡ್ಲಿ?"

"ಏನಾದ್ರೂ. ಜಗಳ ಯಾಕೆ ಶುರುವಾಯ್ತು ಹೇಳು."

"ಅದೇ... ನಿಮ್ಮಕ್ಕ ಬಂದಿದ್ದಾಗ..." ಅವನು ಗೇರ್ ಹಾಕಿದ.

"ತಡೀರಿ," ಎಂದಳು ಅಜ್ಜಿ. ಸೆರಗಿನೊಳಗೆ ಮುಚ್ಚಿ ತಂದಿದ್ದ ರೇಡಿಯೊವನ್ನು, ಗೊರಗೊರ ಅನ್ನುತ್ತಿದ್ದ ಹಾಗೆಯೇ, ಸ್ಟೆನೋಳ ಮಡಿಲಿಗಿಟ್ಟಳು. "ಇಟ್ಕೊಳ್ಳಮ್ಮ. ಬ್ಯಾಟರಿ ಹೊಸದು ಹಾಕಿದೀನಿ. ಇನ್ನು ನಂಗೆ ಬೇಡ."

ವ್ಯಾನು ಏರು ಹತ್ತಿತು. ಗಂಡ ಮಾತಾಡುತ್ತಲೇ ಇದ್ದ. ಕನ್ನಡಿಯಲ್ಲಿ ಸ್ಟೆನೋ ನೋಡಿದಳು: ಅಂಗಡಿಯ ಬಾಗಿಲಲ್ಲಿ ಅಜ್ಜಿ ಒಂದು ಟೈರಿನ ಮೇಲೆ ಕುಳಿತಿದ್ದಳು, ಕೈ ಮಡಿಲಲ್ಲಿ, ಬಾಯಿ ಮುಚ್ಚಿ, ಹೊರೆ ಇಳಿಸಿ ಸುಧಾರಿಸಿಕೊಳ್ಳುವವರ ಹಾಗೆ.