ಗುಲ್ಶನ್ ಬ್ಯಾಂಡಿನ ಉಳಿದರ್ಧ ಪದ

ಇಂದೂಬಾಯಿ ಗಂಡ ಪಾಂಡುರಂಗ ಕುಲಕರ್ಣಿ, ವಯಸ್ಸು 50 ವರ್ಷ, ಉದ್ಯೋಗ ಅಂಚೆ ಕಚೇರಿಯಲ್ಲಿ ಗುಮಾಸ್ತೆ, ಸಾಕಿನ್ ಕಮಲಾಪುರ, ತಾ. ಜಿ. ಗುಲಬರ್ಗಾ, ಇವರ ಹೇಳಿಕೆ.

ಈ ದಿನ ದಿನಾಂಕ 12-2-1989 ರವಿವಾರ ಸಂಜೆ 7 ಗಂಟೆಗೆ ನಾನು ಠಾಣೆಗೆ ಹಾಜರಾಗಿ (ರೈಟರ್ ಹಣಮಂತ ಅವರು ‘ಹಾಜರಾಗಿ’ ಎಂದು ಬರೆದಿದ್ದಾರೆ; ನಾನಾಗಿ ಬಂದಿಲ್ಲ, ಜೀಪಿನಲ್ಲಿ ತಂದಿದ್ದಾರೆ) ವಿಚಾರಿಸಿದ್ದಕ್ಕೆ ಬರೆಸುವುದೇನೆಂದರೆ,

ಬ್ಯಾಂಡ್ ಉತ್ಸವ ಸಮಿತಿಯ ಅಧ್ಯಕ್ಷರಾದ ಮಹಾದೇವಪ್ಪ ಎಂಬುವರು ನನ್ನ ಮೇಲೆ ಕೊಟ್ಟ ದೂರನ್ನು ನನಗೆ ಓದಿ ಹೇಳಿದ್ದಾರೆ. ನಾನು ಅವರ ಉತ್ಸವದಿಂದ ಮೋಮಿನಪುರದ ಗುಲ್ಶನ್ ಬ್ರಾಸ್ ಬ್ಯಾಂಡನ್ನು ಪುಸಲಾಯಿಸಿ ಹೊರಗೆ ಕರೆದೊಯ್ದು, ಪರವಾನಗಿ ಇಲ್ಲದೆ ಸೇಡಂ ರಸ್ತೆಯಲ್ಲಿ ಮೆರವಣಿಗೆ ತೆಗೆದು, ವಾಹನಗಳನ್ನು ತಡೆದೆನೆಂದು ಅದರಲ್ಲಿದೆ. ‘ಪುಸಲಾಯಿಸಿ’ ಎಂಬ ಶಬ್ದ ಮತ್ತು ಮುಂದೆ ಹೇಳಲಿರುವ ಹಲ್ಲಿನ ಮಾತು ಬಿಟ್ಟು ಉಳಿದದ್ದೆಲ್ಲ ನಿಜ. ಯಾಕೆ ಹಾಗೆ ಮಾಡಿದೆ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲವಾದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನನ್ನ ತವರು ಗುಲಬರ್ಗಾ. ಮೂವತ್ತೊಂದು ವರ್ಷದ ಹಿಂದೆ ನನ್ನನ್ನು ಕಮಲಾಪುರಕ್ಕೆ ಕೊಟ್ಟರು. ನನ್ನ ಮದುವೆಗೆ ಇದೇ ಗುಲ್ಶನ್ ಬ್ಯಾಂಡ್ ಬಂದಿತ್ತು. ಈಗಿನ ಬ್ಯಾಂಡ್ ಮಾಸ್ತರ್ ಇಮಾಮುದ್ದೀನ್ ಅವರು ಆಗ ತಮ್ಮ ತಂದೆಯ ಕೈಕೆಳಗೆ ಕ್ಲಾರಿನೆಟ್ ಊದುತ್ತಿದ್ದರು. ಹೆಣ್ಣನ್ನು ಕಳಿಸಿಕೊಡುವಾಗ ಅವರು ಊದುವ ಒಂದು ಪದವಿದೆ. ಅದಕ್ಕೆ ಮಾತಿಲ್ಲ, ಬರೀ ಧಾಟಿ. ಅದರಲ್ಲಿ ಎರಡು ಭಾಗ. ಮೊದಲರ್ಧವನ್ನು ಹೆಣ್ಣು ಗಾಡಿ ಹತ್ತುವವರೆಗೆ ಊದುತ್ತಾರೆ. ಉಳಿದರ್ಧವನ್ನು ಗಾಡಿ ಹೊರಟ ಮೇಲೆ, ಬಾಗಿಲಲ್ಲಿ ನಿಂತ ಹೆತ್ತವರಿಗಾಗಿ ಊದುತ್ತಾರೆ. ಆದ್ದರಿಂದ ಹೊರಟ ಹೆಣ್ಣಿಗೆ ತನ್ನ ಮದುವೆಯ ಉಳಿದರ್ಧ ಕೇಳಿಸುವುದಿಲ್ಲ. ನನಗೂ ಕೇಳಿಸಲಿಲ್ಲ. ಅದು ಶುರುವಾಗುವುದಕ್ಕೂ ಬಸ್ಸಿನ ಡ್ರೈವರ್ ಹಾರ್ನ್ ಒತ್ತುವುದಕ್ಕೂ ಸರಿಹೋಯಿತು.

ಆಮೇಲೆ ಎಷ್ಟೋ ಮದುವೆಗಳಿಗೆ ಹೋದೆ. ಗುಲ್ಶನ್ ಬ್ಯಾಂಡ್ ಬರುತ್ತದೆಂದು ತಿಳಿದರೆ ಕರೆಯದಿದ್ದರೂ ಹೋದೆ. ಬೇರೆಯವರ ಹೆಂಡಂದಿರು ಸಿನೆಮಾಕ್ಕೆ ಹೋಗುತ್ತಾರೆ, ನಮ್ಮಾಕೆ ಬ್ಯಾಂಡಿನ ಹಿಂದೆ ಹೋಗುತ್ತಾಳೆ ಎಂದು ನನ್ನ ಯಜಮಾನರು ಊರೆಲ್ಲ ಹೇಳಿಕೊಂಡು ನಗುತ್ತಾರೆ. ಆದರೆ ಉಳಿದರ್ಧ ಬಂದಾಗಲೆಲ್ಲ ಏನಾದರೊಂದು ಅಡ್ಡ. ಒಂದು ಕಡೆ ಬೀಗರು ಜಗಳ ತೆಗೆಯುತ್ತಾರೆ, ಇನ್ನೊಂದು ಕಡೆ ಹೆಣ್ಣಿನ ತಾಯಿ ಎಚ್ಚರ ತಪ್ಪುತ್ತಾಳೆ. ನನ್ನ ಸ್ವಂತ ಮಗಳನ್ನು ಕಳಿಸುವಾಗ, ಕ್ಲಾರಿನೆಟ್ಟು ಸರಿಯಾಗಿ ಆ ಜಾಗಕ್ಕೆ ಬಂದಾಗ, ನಮ್ಮ ನಾದಿನಿ ಬಂದು ಬೂಂದಿ ಲಾಡು ಇಟ್ಟ ಕೋಣೆಯ ಕೀಲಿಕೈ ಕೇಳಿದಳು. ಹೀಗಾಗಿ ನಾನು ಆ ಉಳಿದರ್ಧವನ್ನು ತುಣುಕು ತುಣುಕಾಗಿ ಕೇಳಿದ್ದೇನೆ, ಒಮ್ಮೆಯೂ ಪೂರ್ತಿ ಕೇಳಿಲ್ಲ.

ಕಳೆದ ವಾರ ಕಮಲಾಪುರದ ಒಂದು ಮದುವೆಗೆ ಗುಲ್ಶನ್ ಬ್ಯಾಂಡಿನವರು ಬಂದಿದ್ದರು. ಇಮಾಮುದ್ದೀನ್ ಮಾಸ್ತರರ ದವಡೆ ಊದಿತ್ತು. ಕೇಳಿದ್ದಕ್ಕೆ, ಮೇಲಿನ ಸಾಲಿನ ಮುಂದಿನ ಎರಡು ಹಲ್ಲಿನ ಬೇರಿನಲ್ಲಿ ಕೀವು ತುಂಬಿದೆ, ಸೋಮವಾರ ಬೆಳಿಗ್ಗೆ 10 ಗಂಟೆಗೆ ಡಾಕ್ಟರು ಕಿತ್ತು ಹಾಕುತ್ತಾರೆ, ಇನ್ನು ತಡಮಾಡಿದರೆ ವಿಷವಾಗುತ್ತದಂತೆ ಎಂದು ತಿಳಿಸಿದರು. ಅದಕ್ಕೇನು, ಹಲ್ಲು ಕಟ್ಟಿಸಿಕೊಳ್ಳಬಹುದಲ್ಲ ಎಂದು ನಾನು ಅಂದೆ. ಅವರು ನಕ್ಕು, “ಆ ಎರಡು ಹಲ್ಲಿನ ಮ್ಯಾಲೇ ಕ್ಲಾರಿನೆಟ್ ನಿಂತದ, ಇಂದೂಬಾಯಿ. ಕಟ್ಟಿಸಿದ ಹಲ್ಲಿಂದ ರೊಟ್ಟಿ ತಿನ್ಲಿಕ್ಕೆ ಬರ್ತದ, ಊದ್ಲಿಕ್ಕೆ ಬರಂಗಿಲ್ಲ” ಅಂದರು. ರವಿವಾರ ಗುಲಬರ್ಗಾದಲ್ಲಿ ಬ್ಯಾಂಡ್ ಉತ್ಸವವಿದೆ, ಅಲ್ಲಿ ಬೀಗರಿಲ್ಲ, ಬಸ್ಸಿಲ್ಲ, ಅಳುವವರಿಲ್ಲ, ಕುರ್ಚಿಯ ಮೇಲೆ ಕುಳಿತು ಪೂರ್ತಿ ಕೇಳಿರಿ ಎಂದೂ ಹೇಳಿದರು. ನಾನು ಬರುತ್ತೇನೆಂದು ಮಾತು ಕೊಟ್ಟೆ.

ಈ ದಿನ ಬೆಳಿಗ್ಗೆ 8 ಗಂಟೆಗೆ ಕಮಲಾಪುರದಲ್ಲಿ ಬಸ್ಸು ಹತ್ತಿದೆ. ಬಸ್ಸು ವೇಳೆಗೆ ಸರಿಯಾಗಿ ಬಂತು. ಈ ದಿನ ವೇಳೆಗೆ ಸರಿಯಾಗಿ ನಡೆದದ್ದು ಅದೊಂದೇ. ನನ್ನ ಕೈಯಲ್ಲಿ ಒಂದು ಕೊಡೆ ಮತ್ತು ನಮ್ಮೂರಿನ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಇತ್ತು. ಹಲ್ಲು ನೋಯುವವರೂ ತಿನ್ನಬಹುದಾದ ಹಣ್ಣೆಂದು ಮಾಸ್ತರರಿಗಾಗಿ ತಂದಿದ್ದೆ.

10 ಗಂಟೆಗೆ ಸೇಡಂ ರಸ್ತೆಯ ಪಕ್ಕದ ಬಯಲಿಗೆ ಬಂದೆ. ಹತ್ತೂವರೆಗೆ ಶುರುವಾಗಬೇಕಿದ್ದ ಉತ್ಸವ ಮುಖ್ಯ ಅತಿಥಿಗಳು ಬರುವವರೆಗೆ ಕಾದು ಒಂದು ಗಂಟೆಗೆ ಶುರುವಾಯಿತು. ಅಷ್ಟರಲ್ಲಿ ಮಹಾದೇವಪ್ಪನವರು ನನ್ನ ಕೈಯಲ್ಲಿದ್ದ ಹಣ್ಣನ್ನು ನೋಡಿ, ಬಹಳ ಒಳ್ಳೆಯದು ಮಾಡಿದಿರಿ ತಾಯಿ ಎಂದು ತೆಗೆದುಕೊಂಡು ಹೋಗಿ ಅತಿಥಿಗಳ ಮುಂದೆ ತಟ್ಟೆಯಲ್ಲಿ ಇಟ್ಟರು. ಅದು ಬೇರೆಯವರಿಗೆ ತಂದದ್ದೆಂದು ನಾನು ಹೇಳುವುದರೊಳಗೆ ಅವರು ವೇದಿಕೆಯ ಮೇಲಿದ್ದರು.

ಬ್ಯಾಂಡುಗಳ ವಿಷಯದಲ್ಲಿ ನಾನು ಅಭಿಮಾನಿಯೇ ಹೊರತು ಪಕ್ಷಪಾತಿಯಲ್ಲ. ಮೊದಲು ಬಂದ ಬೀದರಿನವರ ದೊಡ್ಡ ಡೋಲು ಎದೆಯೊಳಗೇ ಬಾರಿಸಿದಂತಿತ್ತು; ಕುಂತಲ್ಲೇ ನನ್ನ ಕಾಲು ಕುಣಿಯಿತು. ಆದರೆ ಇವರೆಲ್ಲ ಹುಟ್ಟಿದಂದಿನಿಂದ ನಡೆಯುತ್ತಾ ಬಾರಿಸಿದವರು. ನಿಂತು ಬಾರಿಸಿ ಗೊತ್ತಿಲ್ಲ. ಪದ ರಂಗೇರಿದೊಡನೆ ಅವರ ಕಾಲುಗಳು ತಾವಾಗಿ ಮುಂದೆ ಬಂದವು, ನಾಲ್ಕನೇ ಹೆಜ್ಜೆಗೆ ವೇದಿಕೆ ಮುಗಿದಿತ್ತು. ಟ್ರಂಪೆಟ್ಟಿನವನು ಅತಿಥಿಗಳ ತೊಡೆಯ ಮೇಲೆ ಬೀಳುವುದೊಂದು ಬಾಕಿ. ಸಮಿತಿಯವರು ಓಡಿ ಬಂದು ಕಾಲು ಅಲುಗಿಸದೆ ಬಾರಿಸಬೇಕೆಂದು ತಾಕೀತು ಮಾಡಿದರು. ಕಾಲು ನಿಂತಿತು, ಪದವೂ ನಿಂತಿತು. ಸೊಲ್ಲಾಪುರದವರು ಕೆಂಪು ಕೋಟು ಹಾಕಿಕೊಂಡು ಬೆರಳಿನಿಂದ ಒತ್ತಿ ನುಡಿಸುವ ಕರೆಂಟಿನ ಪೆಟ್ಟಿಗೆಯೊಂದನ್ನು ತಂದಿದ್ದರು. ಅದರ ಸದ್ದು ಸೀಮೆಎಣ್ಣೆ ಸ್ಟೋವಿನ ಸದ್ದು.

ಒಂದೊಂದು ಬ್ಯಾಂಡಿನ ನಂತರ ಸನ್ಮಾನ. ಶಾಲು ಹೊದ್ದವರಲ್ಲಿ ಊದುವವರು ಒಬ್ಬರೂ ಇಲ್ಲ, ಬಾರಿಸುವವರೂ ಇಲ್ಲ. ನಡುವೆ ಮುಖ್ಯ ಅತಿಥಿಗಳ ಭಾಷಣ. ಸಂಗೀತವನ್ನು ಕುಳಿತು ಕೇಳುವ ತಾಳ್ಮೆ ಇಂದಿನ ಜನರಲ್ಲಿ ಉಳಿದಿಲ್ಲ ಎಂಬ ವಿಷಯದ ಮೇಲೆ ಅವರು ಮುಕ್ಕಾಲು ಗಂಟೆ ಮಾತಾಡಿದರು. ಭಾಷಣ ಹಣಮಂತನ ಬಾಲದಂತೆ ಬೆಳೆಯಿತು (ಈ ಮಾತನ್ನು ರೈಟರ್ ಅವರು ತಮ್ಮ ಮೇಲೆ ಹಾಕಿಕೊಳ್ಳಬಾರದು). ಮಾತಿನ ನಡುವೆ ನೀರು ಕುಡಿದು ನನ್ನ ಬಾಳೆಹಣ್ಣು ಸುಲಿದು ತಿಂದರು. ಅವರ ಹಲ್ಲುಗಳೆಲ್ಲ ಗಟ್ಟಿಯಾಗಿವೆ.

ಗುಲ್ಶನ್ ಬ್ಯಾಂಡಿನದು ಕೊನೆಯ ಸರದಿ. ನಾನು ಎರಡು ಸಲ ವೇದಿಕೆಯ ಹಿಂದೆ ಹೋಗಿ ನೋಡಿದೆ. ಇಮಾಮುದ್ದೀನ್ ಮಾಸ್ತರರು ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡ್ ಎಂಬ ತೆಳು ಪಟ್ಟಿ ಒಣಗಬಾರದೆಂದು ಅದನ್ನು ಬಾಯಲ್ಲಿಟ್ಟುಕೊಂಡು ಮಧ್ಯಾಹ್ನದಿಂದ ಹಾಗೆಯೇ ಕುಳಿತಿದ್ದರು. ಊಟವನ್ನೂ ಮಾಡಿರಲಿಲ್ಲ, ಮಾತಾಡಲೂ ಇಲ್ಲ. ಆಯ್ತು, ಇನ್ನೇನು ಬಂತು ಎಂದು ಕೈಸನ್ನೆ ಮಾಡಿದರು.

ಸಂಜೆ ಐದೂವರೆಗೆ ಮೈಕಿನ ಪರವಾನಗಿ ಮುಗಿಯಿತೆಂದು ಮಹಾದೇವಪ್ಪನವರು ಸಾರಿ, ಈಗ ವಂದನಾರ್ಪಣೆ ಎಂದರು. ನಾನು ಎದ್ದು ವೇದಿಕೆಯ ಬಳಿ ಹೋಗಿ ಒಂದು ಬ್ಯಾಂಡ್ ಉಳಿದಿದೆ ಎಂದೆ. ಮೈಕ್ ಇಲ್ಲದೆ ಹೇಗೆ ಎಂದು ಅವರು ಕೇಳಿದರು. ಕ್ಲಾರಿನೆಟ್ಟು ಬಯಲಲ್ಲೇ ಹುಟ್ಟಿದ್ದು, ಅದಕ್ಕೆ ಮೈಕ್ ಯಾಕೆ, ಹತ್ತು ನಿಮಿಷದ ಮಾತು ಎಂದು ತಿಳಿಸಿ ಹೇಳಿದೆ. ಅವರು, ಮೈಕಿಲ್ಲದಿದ್ದರೆ ಅದು ಕಾರ್ಯಕ್ರಮ ಎನಿಸಿಕೊಳ್ಳುವುದಿಲ್ಲ, ಮುಂದಿನ ವರ್ಷ ಗುಲ್ಶನ್ ಬ್ಯಾಂಡಿಗೇ ಮೊದಲ ನಂಬರು ಕೊಡುತ್ತೇವೆ, ಸಿಟ್ಟು ಮಾಡಿಕೊಳ್ಳಬೇಡಿರಿ ಎಂದರು. ಆಗ ನನ್ನ ಮೈಯೆಲ್ಲ ಉರಿದು ಹೋಯಿತು.

“ಮುಂದಿನ ವರ್ಷ ಅವರ ಹಲ್ಲು ಎಲ್ಲಿಂದ ತರ್ತೀರಿ?” ಎಂದು ಕೇಳಿದೆ. ಇದು ನಾನು ಆಡಿದ ಮಾತೇ. ಅವರಿಗೆ ಇದರ ತಲೆಬುಡ ತಿಳಿಯದೆ, ನಾನು ಹಲ್ಲು ಉದುರಿಸುತ್ತೇನೆಂದು ಬೆದರಿಸಿದೆನೆಂದು ದೂರಿನಲ್ಲಿ ಬರೆಸಿದ್ದಾರೆ.

ನಾನು ಹಿಂದೆ ಹೋಗಿ ಮಾಸ್ತರರಿಗೆ ಇಲ್ಲೇ ಗೇಟಿನ ಹೊರಗೆ ನಿಂತು ಊದಿರಿ ಎಂದೆ. ಅವರು ರೀಡನ್ನು ಬಾಯಿಂದ ತೆಗೆದು, “ನಿಂತು ಊದಿದ್ರ ಪದ ಬರಂಗಿಲ್ರಿ ಇಂದೂಬಾಯಿ. ಮುಂದ ಯಾರರ ನಡೀಬೇಕು” ಅಂದರು. ಮುಂದೆ ನಡೆಯಲು ಮದುಮಗನಿಲ್ಲ, ಕುದುರೆಯಿಲ್ಲ. ನಾನು ಕೊಡೆ ಬಿಚ್ಚಿ ಹಿಡಿದು ಮುಂದೆ ನಡೆದೆ. ಇದನ್ನೇ ದೂರಿನಲ್ಲಿ ಪುಸಲಾಯಿಸಿ ಎಂದಿದ್ದಾರೆ.

ಐದು ಗಂಟೆ ನಲವತ್ತು ನಿಮಿಷಕ್ಕೆ ಪದ ಶುರುವಾಯಿತು. ನಾವು ರಸ್ತೆಯ ಎಡಬದಿಗೆ ಇದ್ದೆವು. ನಾನು ಹಿಂತಿರುಗಿ ನೋಡಲಿಲ್ಲ, ಆದರೆ ಬಯಲಿನಲ್ಲಿ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ಕುಳಿತವರೆಲ್ಲ ಎದ್ದು ನಮ್ಮ ಹಿಂದೆ ಬಂದರೆಂದೂ, ವಂದನಾರ್ಪಣೆಗೆ ಶಾಮಿಯಾನದವರು ಮಾತ್ರ ಉಳಿದರೆಂದೂ ಈಗ ತಿಳಿಯಿತು. ಅವರನ್ನು ನಾನು ಕರೆದಿಲ್ಲ. ಲಾರಿಯವನೊಬ್ಬ ತಲೆ ಹೊರಗೆ ಹಾಕಿ ಮದುಮಗ ಎಲ್ಲಿ ಎಂದು ಕೇಳಿದ. “ಈ ಹೊತ್ತು ನಾನೇ ಮದುಮಗ ಅಂತ ತಿಳ್ಕೋ, ಸ್ವಲ್ಪ ನಿಂದ್ರಪಾ” ಅಂದೆ. ಅವನು ಇಂಜಿನ್ ಬಂದ್ ಮಾಡಿದ. ವಾಹನ ತಡೆದದ್ದು ಅಂದರೆ ಇಷ್ಟೇ. ತರಕಾರಿ ಬಂಡಿಯ ಹೆಣ್ಣುಮಗಳೊಬ್ಬಳು ತಕ್ಕಡಿ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾರ ಮಗಳು ಹೊರಟಳೆಂದು ಆಕೆ ಕೇಳಲಿಲ್ಲ.

ಮೊದಲರ್ಧ ಮುಗಿಯುವ ಹೊತ್ತಿಗೆ ಒಂದು ಆಸ್ಪತ್ರೆಯ ಕಂಪೌಂಡು ಬಂತು. ನಾನು ಕೈ ಎತ್ತಿ ನಿಲ್ಲಿಸಿದೆ. ಆಸ್ಪತ್ರೆಯ ಮುಂದೆ ಬಾರಿಸಬಾರದೆಂಬ ಬುದ್ಧಿ ನನಗಿದೆ. ಇದನ್ನು ದೂರಿನಲ್ಲಿ ಬರೆದಿಲ್ಲ. ಆ ಗೋಡೆ ಮುಗಿಯುವವರೆಗೆ ಸುಮಾರು ನೂರು ಮೀಟರ್ ಡೋಲಿನವನು ಡೋಲನ್ನು ಅಪ್ಪಿಕೊಂಡು, ಎಲ್ಲರೂ ಸದ್ದಿಲ್ಲದೆ ನಡೆದೆವು. ಗೋಡೆ ಮುಗಿಯಿತು. ಮಾಸ್ತರರು ಕ್ಲಾರಿನೆಟ್ಟನ್ನು ಬಾಯಿಗಿಟ್ಟು ಉಸಿರು ಎಳೆದರು. ಅಷ್ಟರಲ್ಲಿ ಪೊಲೀಸ್ ಜೀಪು ಹಾರ್ನ್ ಒತ್ತುತ್ತಾ ಬಂದು ಅಡ್ಡ ನಿಂತಿತು. ಅಂದು ಬಸ್ಸು, ಇಂದು ಜೀಪು.

ಪಿ.ಎಸ್.ಐ. ಸಾಹೇಬರು ಪರವಾನಗಿ ಕೇಳಿದರು, ಇಲ್ಲವೆಂದೆ. ಯಾರ ಮದುವೆ ಎಂದು ಕೇಳಿದರು, ಯಾರದೂ ಅಲ್ಲವೆಂದೆ. ಮೆರವಣಿಗೆಗೆ ಬಳಸಿದ ವಾದ್ಯಗಳನ್ನು ಜಪ್ತಿ ಮಾಡಬೇಕೆಂದರು. ಡೋಲು ಜೀಪಿನಲ್ಲಿ ಹಿಡಿಸಲಿಲ್ಲ. ಆದ್ದರಿಂದ ಕ್ಲಾರಿನೆಟ್ ಒಂದನ್ನೇ ಜಪ್ತಿ ಮಾಡಿ, ನನ್ನನ್ನೂ ಮಾಸ್ತರರನ್ನೂ ಕೂರಿಸಿಕೊಂಡು ಠಾಣೆಗೆ ಬಂದರು.

ಜಪ್ತಿಯಾದ ಮಾಲು ಸೋಮವಾರ 11 ಗಂಟೆಗೆ ಕೋರ್ಟಿಗೆ ಹೋಗುತ್ತದೆ, ಅಲ್ಲಿ ಬಿಡಿಸಿಕೊಳ್ಳಬೇಕು ಎಂದು ಇಲ್ಲಿ ತಿಳಿಸಿದರು. 10 ಗಂಟೆಗೆ ಹಲ್ಲು ಹೋಗುತ್ತದೆ. ಕ್ಲಾರಿನೆಟ್ಟು ಬಿಡುಗಡೆಯಾಗುವಾಗ ಅದನ್ನು ಊದುವ ಬಾಯಿ ಇರುವುದಿಲ್ಲ. ಇದನ್ನು ಕೇಳಿ ನನಗೆ ಅಳು ಬಂತು. ದುಃಖದಿಂದ ಎಂದು ರೈಟರ್ ಬರೆದಿದ್ದರು, ನಾನು ಹೊಡೆದುಹಾಕಿಸಿ ಸಿಟ್ಟಿನಿಂದ ಎಂದು ಬರೆಸಿದ್ದೇನೆ. ಎರಡೂ ಇತ್ತು.

ಆಮೇಲೆ ರೈಟರ್ ಅವರು ಪಂಚನಾಮೆ ಬರೆಯುತ್ತಾ ಮಾಲಿನ ಸ್ಥಿತಿ ಎಂಬ ಜಾಗಕ್ಕೆ ಬಂದು, ಇದು ನಡೆಯುತ್ತದೆಯೇ ಎಂದು ಮಾಸ್ತರರನ್ನು ಕೇಳಿದರು. ಊದದೆ ಹೇಗೆ ಹೇಳಲಿ ಎಂದು ಮಾಸ್ತರರು ಅಂದರು. ಊದಲು ಕೊಟ್ಟರು. ನಿಂತು ಊದಿದ್ದರಿಂದ ಬೆಕ್ಕು ಕೂಗಿದಂತಾಯಿತು. ರೈಟರ್ ‘ನಡೆಯುವುದಿಲ್ಲ’ ಎಂದು ಬರೆಯಹೋದರು. ನಿಂತರೆ ಅದು ನಡೆಯುವುದಿಲ್ಲ, ನಡೆದರೆ ನಡೆಯುತ್ತದೆ ಎಂದು ನಾನು ಹೇಳಿದೆ. ರೈಟರ್ ಪೆನ್ನು ಕೆಳಗಿಟ್ಟರು.

ಒಳಗಿನ ಕೋಣೆಯಿಂದ ಪಿ.ಎಸ್.ಐ. ಸಾಹೇಬರು, “ಹಣಮಂತ, ಸುಳ್ಳು ಬರೀಬ್ಯಾಡ್ರಿ. ಪಂಚರಿಬ್ಬರನ್ನೂ ಕರೆಸಿ, ಅಂಗಳದಾಗ ನಡಿಸಿ, ಪೂರ್ತಿ ಊದಿಸಿ ನೋಡ್ರಿ” ಅಂದರು. ಸಾಹೇಬರು ಹೋದ ತಿಂಗಳು ತಮ್ಮ ಮಗಳನ್ನು ಗಂಡನ ಮನೆಗೆ ಕಳಿಸಿದ್ದಾರೆಂದು ರೈಟರ್ ನನಗೆ ಮೆಲ್ಲಗೆ ಹೇಳಿದರು, ಅದನ್ನು ಇಲ್ಲಿ ಬರೆಯಬಾರದೆಂದೂ ಹೇಳಿದರು. ನಾನು ಒತ್ತಾಯ ಮಾಡಿ ಬರೆಸಿದ್ದೇನೆ.

ಪಂಚರಾಗಿ ಪಾನಪಟ್ಟಿ ಅಂಗಡಿಯ ಮಲ್ಲಣ್ಣ ಮತ್ತು ಚಹಾದ ಅಂಗಡಿಯ ಕಲ್ಯಾಣಪ್ಪ ಬಂದಿದ್ದಾರೆ. ಅವರಿಬ್ಬರೂ ಠಾಣೆಯ ಅಂಗಳದಲ್ಲಿ ಬೇವಿನ ಮರದ ಸುತ್ತ ನನ್ನ ಕೊಡೆ ಹಿಡಿದು ಮುಂದೆ ನಡೆಯುತ್ತಿದ್ದು, ಮಾಸ್ತರರು ಹಿಂದೆ ಊದುತ್ತಾ ನಡೆದಿದ್ದಾರೆ. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು, ಸಾಹೇಬರು ರಿಸೀವರ್ ಎತ್ತಿ ಮೇಜಿನ ಮೇಲೆ ಇಟ್ಟುಬಿಟ್ಟರು. ಮೊದಲರ್ಧ ಈಗ ಮುಗಿಯಿತು.

ನನ್ನದು ಇಷ್ಟೇ. ಮಹಾದೇವಪ್ಪನವರ ಮೇಲೆ ನನ್ನ ದೂರೇನೂ ಇಲ್ಲ, ಬಾಳೆಹಣ್ಣೂ ವಾಪಸು ಬೇಡ. ನನ್ನ ತಪ್ಪಿಗೆ ಏನು ದಂಡವೋ ಅದನ್ನು ಕಟ್ಟುತ್ತೇನೆ. ಇಲ್ಲಿ ಬರೆಸಿದ್ದರಲ್ಲಿ ಸುಳ್ಳಿಲ್ಲ. ಈ ಹೇಳಿಕೆಯನ್ನು ರೈಟರ್ ಹಣಮಂತ ಅವರು ನನಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಅವರು ಓದುವಾಗ ಅಂಗಳದಲ್ಲಿ ಉಳಿದರ್ಧ ನಡೆದಿತ್ತು. ಹೀಗಾಗಿ ಓದಿದ್ದರಲ್ಲಿ ಒಂದು ಶಬ್ದವೂ ನನ್ನ ಕಿವಿಗೆ ಬಿದ್ದಿಲ್ಲ. ಪದವನ್ನು ಪೂರ್ತಿ ಕೇಳಿದ್ದೇನೆ. ಸರಿ ಇದೆ.

ಸ್ಥಳ: ಗುಲಬರ್ಗಾ
ದಿನಾಂಕ: 12-2-1989

(ಸಹಿ) ಇಂದೂಬಾಯಿ ಪಾಂಡುರಂಗ ಕುಲಕರ್ಣಿ